ತಲಿಗಟ್ಟಿ ನಿಂಗರಾಜ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ತಾಲೂಕಿನ ಸಮಸ್ತ ಮಹಾಜನರಿಗೆ, ಹಿರಿಯರಿಗೆ, ತಾಯಂದಿರಿಗೆ ಹಾಗೂ ಕ್ರೀಡಾಭಿಮಾನಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಮುಂಜಾನೆ ಸಿಂಧನೂರು ಬಸ್ ಸ್ಟ್ಯಾಂಡ್ ಬಾಜೂಕ ಯಮನಮ್ಮನ ಗಾಡಿ ಮುಂದ ಕುಂತು, ಹೆವಿವೇಟ್ ಬಾಕ್ಸರ್ ನಿಂಗರಾಜ ಅರ್ಧ ಮಿರ್ಚಿ ಬಿಟ್ಟಾನ.

ಮಂಡಾಳ ಒಗ್ಗರಣಿ ಪೂರ್ತಿ ತಿಂದಾನ, ಮಿರ್ಚಿ ಅರ್ಧ ಬಿಟ್ಟಾನ. ಸುದ್ದಿ ಮಧ್ಯಾಹ್ನ ಆಗೋದ್ರೊಳಗ ಗೊರೇಬಾಳ ಮುಟ್ಟಿತು. ಜವಳಗೇರಾದ ಬಸ್ಸಿನ್ಯಾಗ ಇಬ್ರು ಇದ ವಿಷಯಕ್ಕ ಜಗಳಾಡಿ ಸೀಟ್ ಬದಲಿ ಮಾಡಿಕೊಂಡ್ರು. ಒಬ್ಬ ಅಂದ, ತೂಕ ಇಳಸಾಕತ್ತಾನ. ಇನ್ನೊಬ್ಬ ಅಂದ, ಇಲ್ಲ, ಹುಡುಗಿ ನೋಡ್ಯಾರ.

ಖರೇ ಸಂಗ್ತಿ ಕಂಡಿದ್ದು ಬಾಜೂಕ ಕುಂತಿದ್ದ ಉಸ್ತಾದ್ ಪಂಪಣ್ಣಗ ಒಬ್ಬಗ. ನಿಂಗರಾಜ ಮಿರ್ಚಿ ಬಿಟ್ಟಿದ್ದಿಲ್ಲ, ಅದು ಅವ್ನಿಗೆ ಸಿಕ್ಕಿದ್ದಿಲ್ಲ. ಅವ್ನ ಕೈ ಪ್ಲೇಟು ದಾಟಿ ಆಚೆ ಕಡೆ ಗಾಡಿ ಹಲಗಿ ಮ್ಯಾಲ ಹೋಗಿ ತಡಕಾಡಿತು. ಮತ್ತೊಮ್ಮೆ ಹೋತು, ಮತ್ತ ಹಲಗೀನ. ಆಮ್ಯಾಲ ಎರಡೂ ಕೈ ತೊಡಿ ಮ್ಯಾಲ ಇಟಗೊಂಡು, "ಸಾಕಬೇ, ಹೊಟ್ಟಿ ತುಂಬೈತಿ" ಅಂದ. ಗಾಡಿ ಹಿಂದ ಎಣ್ಣಿ ಕಡಾಯಿ ಮುಂದ ನಿಂತಿದ್ದ ಯಮನಮ್ಮ ಹೊಳ್ಳಿ ನೋಡಿದ್ಲು. ಹೊಟ್ಟಿ ತುಂಬೈತಿ ಅನ್ನೋ ಮಾತು ತನ್ನ ಮಗನ ಬಾಯಿಂದ ಆಕಿ ಹುಟ್ಟಿಸಿದ ಮ್ಯಾಲ ಕೇಳಿದ್ದಿಲ್ಲ.

ಈ ಪಂಪಣ್ಣ ಮೊದಲಿಗೆ ಕುಸ್ತಿ ಉಸ್ತಾದ. ಕಾಲುವಿ ನೀರಿಗೆ ಹೊಲ ಎಲ್ಲಾ ಗದ್ದಿ ಆದ್ವು, ಗರಡಿ ಮನಿಗೆ ಬರೋ ಹುಡುಗ್ರೆಲ್ಲಾ ಮೊಬೈಲ್ ಆದ್ರು, ಮಣ್ಣಿನ ಕುಸ್ತಿ ಮಣ್ಣಿಗೆ ಹೋತು. ಒಂದಿನ ಪಂಪಣ್ಣ ಅದ ಮೊಬೈಲಿನ್ಯಾಗ ಬಾಕ್ಸಿಂಗ್ ನೋಡಿದ. ನೋಡಿದವನ ಗರಡಿ ಮನಿ ಜಂತಿಗೆ ಭತ್ತದ ಹೊಟ್ಟು ತುಂಬಿದ ಚೀಲ ತೂಗುಹಾಕಿ, ಬಾಗಲಿಗೆ 'ಬಾಕ್ಸಿಂಗ್ ಕ್ಲಬ್' ಅಂತ ಬರಸಿಬಿಟ್ಟ. ಆ ಚೀಲಕ್ಕ ಗುದ್ದಾಕ ಬಂದವರೊಳಗ ಮರಿಸ್ವಾಮಿ ಸಾಹುಕಾರ್ರ ರೈಸ್ ಮಿಲ್ಲಿನ ಹಮಾಲ ನಿಂಗರಾಜನೂ ಒಬ್ಬ. ಒಂದ ಗುದ್ದಿಗೆ ಚೀಲ ಹರದು ಹೊಟ್ಟು ಎಲ್ಲಾ ಸುರೀತು. ತಲಿಮಟ ಮುಚ್ಚಿಹೋಗಿದ್ದ ಪಂಪಣ್ಣ ಕೆಮ್ಮಿಕೋತ ಕೇಳಿದ, "ನಿನ್ನ ಹೆಸರೇನೋ ತಮ್ಮಾ?"

ಅವತ್ತಿನಿಂದ ನಿಂಗರಾಜ ಒಂದೂ ಪಂದ್ಯ ಸೋತಿಲ್ಲ. ಜಿಲ್ಲಾ ಗೆದ್ದ, ವಿಭಾಗ ಗೆದ್ದ. ಅವ್ನ ಬಲಗೈ ಬಗ್ಗೆ ಹೇಳಬೇಕಂದ್ರ, ಹೆಗಲ ಮ್ಯಾಲಿನ ಚೀಲಾ ಲಾರಿಗೆ ಒಗಿಯೋ ಹಂಗ ಒಗೀತಿದ್ದ. ಚೀಲ ಹೋಗಿ ಲಾರಿಗೆ ಬೀಳತಿತ್ತು, ಎದುರಾಳಿ ಹೋಗಿ ಚಾಪಿಗೆ ಬೀಳತಿದ್ದ. ಕುತ್ತಿಗಿ ಅನ್ನೋದು ಇದ್ದಿಲ್ಲ ಅಂದ್ರೂ ನಡೀತೈತಿ, ತಲಿ ಸೀದಾ ಭುಜದ ಮ್ಯಾಲ ಇಟ್ಟಂಗಿತ್ತು. ದಮ್ಮು ಮಾತ್ರ ಎತ್ತಿಂದು. ಗದ್ದಿ ನಾಡಿನ್ಯಾಗ ಗುದ್ದಿನ ಬೆಳಿ ಬಂದೈತಿ ಅಂತ ಊರ ಮಂದಿ ಹಿಗ್ಗಿತು.

ಇನ್ನ ಅವ್ನ ಕಮ್ಮಿ ಏನು ಅನ್ನೋದನ್ನ ಸನ್ಮಾನದ ಭಾಷಣದಾಗ ಯಾರೂ ಹೇಳಂಗಿಲ್ಲ, ಅದಕ್ಕ ಇಲ್ಲೇ ಹೇಳಬೇಕು. ಎಡಗೈ ಗೂಟಕ್ಕ ಹಾಕಿದ ಅಂಗಿ ತೋಳಿನಂಗ ಜೋತುಬಿದ್ದಿರತಿತ್ತು. ಕಾಲು ನಾಟಿ ಹಚ್ಚಿದಂಗ ನಿಂತಲ್ಲೇ ನಿಲ್ಲತಿದ್ದವು. ಮತ್ತ ಬರೋ ಹೊಡತಕ್ಕ ತಲಿ ತಪ್ಪಸಾಕ ಅವ್ನಿಗೆ ಬರ್ತಿದ್ದಿಲ್ಲ. ಬರ್ತಿದ್ದಿಲ್ಲ ಅನ್ನೋದಕಿಂತ ಪಂಪಣ್ಣ ಕಲಿಸಿದ್ದಿಲ್ಲ.

"ರಾಶಿ ಮಾಡೋ ಕಣ ನೋಡಿಯೇನೋ?" ಅಂತಿದ್ದ ಪಂಪಣ್ಣ. "ಸಗಣಿ ಸಾರಿಸಿ ಬಡದಷ್ಟೂ ಗಟ್ಟಿ ಆಗ್ತೈತಿ. ತಲೀನೂ ಹಂಗ. ಮಂದಿ ತಲಿ ಬ್ಯಾರೆ, ನಿಂದು ಚೀಲಾ ಹೊತ್ತ ತಲಿ. ಅರ್ಧ ಕಣ ಆಗೇಬಿಟ್ಟೈತಿ. ತಲಿ ತಪ್ಪಿಸಿ ಬಗ್ಗೋದು ಕಳ್ಳರ ಕೆಲಸ."

ಉಳದರ್ಧ ಕಣ ಮಾಡಾಕ ಪಂಪಣ್ಣ ಒಂದು ಪದ್ಧತಿ ಹಚ್ಚಿದ. ಎಲ್ಲೇ ಅಂಗಡಿ ಓಪನಿಂಗ್ ಇರ್ಲಿ, ಲೀಡರ್ ಹುಟ್ಟುಹಬ್ಬ ಇರ್ಲಿ, ಲಗ್ನದ ಬೀಗರೂಟ ಇರ್ಲಿ, ನಿಂಗರಾಜ ಕೈ ಹಿಂದ ಕಟಗೊಂಡು ನಿಲ್ಲಬೇಕು. ಬೇಕಾದವರು ಬಂದು ಅವ್ನ ತಲಿಗೊಂದು ಗುದ್ದಬೇಕು. ಗುದ್ದಿದವರು ಬಾಜೂಕ ನಿಂತು ಸೆಲ್ಫಿ ತಕ್ಕೋಬೇಕು. ಇದಕ್ಕ 'ತಲಿ ಪರೀಕ್ಷಾ' ಅಂತ ಹೆಸರು ಬಿತ್ತು. ಹಟ್ಟಿ ಗಣಿಯಿಂದ ಶಿಫ್ಟ್ ಮುಗಿಸಿ ಬಂದವರು ಗುದ್ದಿದ್ರು, ಟ್ರ್ಯಾಕ್ಟರ್ ಡ್ರೈವರ್‌ಗಳು ಗುದ್ದಿದ್ರು, ಮದುಮಗನ ಗೆಳ್ಯಾರು ಗುದ್ದಿದ್ರು. ಯಾರಿಗೂ ಸಿಟ್ಟಿರಲಿಲ್ಲ. ಗುದ್ದನ್ನ ಮುದ್ದಿನಂಗ ಹಂಚಿದ್ರು. ನಿಂಗರಾಜಗ ಎದುರಾಳಿಗಳು ಕೊಟ್ಟ ಪೆಟ್ಟು ಎಣಿಸಬಹುದಿತ್ತು, ಅಭಿಮಾನಿಗಳು ಕೊಟ್ಟಿದ್ದು ಎಣಿಸೋ ಹಂಗಿದ್ದಿಲ್ಲ.

ಮಿರ್ಚಿ ಬಿಟ್ಟ ದಿನ ಸಂಜೀಕ ಯಮನಮ್ಮ ಗಾಡಿ ಮುಚ್ಚಿ ಸೀದಾ ಗರಡಿ ಮನಿಗೆ ಬಂದ್ಲು.

"ಪಂಪಣ್ಣಾ, ನನ್ನ ಮಗನ ಕಣ್ಣಿಗೆ ಏನಾಗೈತಿ?"

"ಏನಾಗೈತಿ ತಂಗಿ? ದಣದಾನ."

"ನಿನ್ನೆ ಬಾಗಲ ಬಿಟ್ಟು ಗ್ವಾಡಿಗೆ ಹೋಗಿ ಬಡಕೊಂಡ. ಕೇಳಿದ್ರ, ಎರಡು ಬಾಗಲ ಅದಾವಬೇ ಅಂತಾನ. ನಮ್ಮನಿಗಿರೋದು ಒಂದ ಬಾಗಲ, ಅದಕ್ಕೂ ಒಂದ ಕದ."

ಪಂಪಣ್ಣ ನೆಲ ನೋಡಿದ. "ಲಿಂಗಸುಗೂರಿನ ರಾಜ್ಯಮಟ್ಟದ ಫೈನಲ್ ಒಂದು ಮುಗೀಲಿ. ಗೆದ್ದಂದ್ರ ಆಟದ ಕೋಟಾದಾಗ ಪೊಲೀಸ್ ನೌಕರಿ, ಖಾಯಂ. ಆಮ್ಯಾಲ ದೊಡ್ಡ ದವಾಖಾನಿಗೆ ತೋರಸೂಣು."

"ಮೊದಲ ತೋರಸೂಣು."

"ಮೊದಲ ತೋರಿಸಿದ್ರ ಡಾಕ್ಟರ್ ಆಡಬ್ಯಾಡ ಅಂತಾರ. ಆಡ್ಲಿಲ್ಲಂದ್ರ ನೌಕರಿ ಇಲ್ಲ. ನೌಕರಿ ಇಲ್ಲಂದ್ರ ಮತ್ತ ಚೀಲ. ಈಗಿರೋ ತಲಿ ಮ್ಯಾಲ ಚೀಲ ಹೊರಸ್ತಿಯೇನು ನೀ?"

ಯಮನಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೋತ ನಿಂತ್ಲು. "ಇನ್ನೊಂದು ಪೆಟ್ಟು ಬಿದ್ರ ಅವ ಏಳಂಗಿಲ್ಲ ಅಂತ ನನ್ನ ಜೀವ ಹೇಳಾಕತ್ತೈತಿ ಅಣ್ಣಾ."

"ಇನ್ನೊಂದ ಮ್ಯಾಚು ತಂಗಿ. ನನ್ನ ಮ್ಯಾಲ ಬಿಡು."

ಆಕಿ ಹೋದ ಮ್ಯಾಲ ಪಂಪಣ್ಣ ಬಾಳೊತ್ತು ಜಂತಿಗಿದ್ದ ಚೀಲದ ಮುಂದ ಕುಂತ. ಆಕಿ ಜೀವ ಹೇಳಿದ್ದನ್ನ ಅವ್ನ ಜೀವಾನೂ ಹೇಳಾಕತ್ತಿತ್ತು. ಕಣ ಬಡದಷ್ಟು ಗಟ್ಟಿ ಆಗ್ತೈತಿ ಖರೆ. ಆದ್ರ ಕಣದ ಕೆಳಗ ಮಣ್ಣು ಬಿಟ್ರ ಬ್ಯಾರೆ ಏನೂ ಇರಂಗಿಲ್ಲ ಅನ್ನೋದು ಅವ್ನಿಗೆ ಈಗ ಹೊಳೀತು.

ಹೊಳದ್ರೂ ಮರುದಿನ ಪಾಠ ಬಿಡಲಿಲ್ಲ. ಲಿಂಗಸುಗೂರಿನ್ಯಾಗ ಮ್ಯಾಚಿಗೆ ಮೊದಲ ಡಾಕ್ಟರ್ ನೋಡ್ತಾರ, ಬೆರಳು ತೋರಸ್ತಾರ. ಅದಕ್ಕ ತಯಾರಿ. ಪಂಪಣ್ಣ ಎರಡು ಬೆರಳು ಎತ್ತಿದ.

"ಎಷ್ಟು?"

"ನಾಕ್ರಿ."

"ನಾಕು ಕಂಡ್ರ ಎರಡು ಅನ್ನಬೇಕು. ಆರು ಕಂಡ್ರ ಮೂರು. ಸಾಲ್ಯಾಗ ಭಾಗಾಕಾರ ಕಲ್ತಿಯಿಲ್ಲೋ?"

"ಭಾಗಾಕಾರದ ಪಾಠ ಬಂದಿದ್ದಕ್ಕ ಸಾಲಿ ಬಿಟ್ಟೀನ್ರಿ." ನಿಂಗರಾಜ ಕೇಳಿದ, "ರಿಂಗಿನ್ಯಾಗ ಇಬ್ರು ಬಂದ್ರ ಯಾರಿಗೆ ಹೊಡೀಲ್ರಿ?"

"ನಡುವಿನವಗ ಹೊಡಿ."

ನಿಂಗರಾಜ ಗ್ವಾಡಿ ನೋಡಿಕೋತ ವಿಚಾರ ಮಾಡಿದ. "ಇಬ್ರ ಇದ್ರ ನಡುವಿನವ ಯಾರಿರತಾನ್ರಿ ಉಸ್ತಾದ್?"

ಪಂಪಣ್ಣ ನಕ್ಕ. ಉಸ್ತಾದ ನಕ್ಕಿದ್ದಕ್ಕ ನಿಂಗರಾಜನೂ ನಕ್ಕ. ನಗಾಕತ್ತಾಗ ಎರಡೂ ಕೈಲೆ ತಲಿ ಗಟ್ಟಿಯಾಗಿ ಒತ್ತಿ ಹಿಡಕೊಂಡಿದ್ದ.

ನಡುವ ಮಸ್ಕಿದೊಂದು ಕಾರ್ಯಕ್ರಮ ಇತ್ತು. ಮರಿಸ್ವಾಮಿ ಸಾಹುಕಾರ್ರ ಅಳಿಯ ಮೊಬೈಲ್ ಅಂಗಡಿ ತೆಗಿಯಾಕತ್ತಿದ್ದ, ಓಪನಿಂಗಿಗೆ ತಲಿ ಪರೀಕ್ಷಾ ಇಡ್ತೀವಿ ಅಂತ ಸಾಹುಕಾರ್ರು ಮಾತು ಕೊಟ್ಟುಬಿಟ್ಟಿದ್ರು. ಸಾಹುಕಾರ್ರು ತೂಕದ ಮನಿಷಾ. ಊರಾಗ ಅವರ ಮಾತಿಗೆ ತೂಕ, ಮಿಲ್ಲಿನ್ಯಾಗ ತೂಕಕ್ಕ ಅವರ ಮಾತು. ನಿಂಗರಾಜನ ಗ್ಲೌಸು, ಬೂಟು, ಬಸ್ ಚಾರ್ಜು, ಪೋಸ್ಟರು ಎಲ್ಲಾ ಅವರ ಕಡೀಂದ. ಪೋಸ್ಟರಿನ್ಯಾಗ ನಿಂಗರಾಜನ ಫೋಟೋ ಒಂದು ಗೇಣು, ಸಾಹುಕಾರ್ರದು ಒಂದು ಮೊಳ.

"ಇದೊಂದು ಬ್ಯಾಡ್ರಿ ಸಾಹುಕಾರ್ರ," ಅಂದ ಪಂಪಣ್ಣ. "ಮ್ಯಾಚು ಮುಂದೈತಿ."

"ಮಾತು ಕೊಟ್ಟೀನಿ ಪಂಪಣ್ಣ. ನನ್ನ ಬಾಯಿಂದ ಹ್ವಾದ ಮಾತು ವಾಪಸ್ ಬಂದಿದ್ದು ನೀ ಯಾವಾಗರ ನೋಡಿಯೇನು?"

ನೋಡಿದ್ದಿಲ್ಲ. ಹೋದ್ರು.

ಮಸ್ಕ್ಯಾಗ ಅಂಗಡಿ ಮುಂದ ಡಿಜೆ ಹಚ್ಚಿದ್ರು, ಬಲೂನು ಕಟ್ಟಿದ್ರು. ನಿಂಗರಾಜ ಕೈ ಹಿಂದ ಕಟಗೊಂಡು ನಿಂತ. ಪಂಪಣ್ಣ ಬಾಜೂಕ ನಿಂತು, ದೊಡ್ಡ ಕೈಯಿನವರು ಬಂದ್ರ ಹೆಂಗರ ಮಾಡಿ ಹಿಂದ ಸರಸಾಕತ್ತಿದ್ದ. ವೆಲ್ಡಿಂಗ್ ಅಂಗಡಿ ಪರ್ವೇಜ್ ಬಂದಾಗ ಕಿವ್ಯಾಗ ಏನೋ ಅಂದ, ಪರ್ವೇಜ್ ಗುದ್ದಲಾರದ ನಿಂಗರಾಜನ ಕೆನ್ನಿ ಸವರಿ ಹೋದ. ಆಖೀರಕ್ಕ ಬಂದವ ಅನಿಲಕುಮಾರ ಅಂತ ಬ್ಯಾಂಕಿನ ಕ್ಲರ್ಕು. ಚಷ್ಮಾ, ಇನ್ಶರ್ಟು, ಕೋಲಿನಂಥ ಕೈ. ಇವ್ನಿಂದೇನಾಗ್ತೈತಿ ಅಂತ ಪಂಪಣ್ಣ ಸುಮ್ಮನಾದ.

ಅನಿಲಕುಮಾರ ಹೊಡದಿದ್ದಕ್ಕ ಗುದ್ದು ಅನ್ನಾಕ ಬರಂಗಿಲ್ಲ. ಮಲಗಿದವರ ಮನಿ ಕದ ತಟ್ಟಿದಂಗ ತಟ್ಟಿದ. ಮಂದಿ ಚಪ್ಪಾಳಿ ತಟ್ಟಿತು. ನಿಂಗರಾಜ ನಕ್ಕ. ನಗು ಹಂಗ ಮಾರಿ ಮ್ಯಾಲ ಇತ್ತು, ಮೊಣಕಾಲು ಮಾತ್ರ ಹ್ವಾದ್ವು. ಬಾಯಿ ಬಿಚ್ಚಿದ ಚೀಲದಂಗ ಕುಸದು ಬಿದ್ದ. ಅನಿಲಕುಮಾರನ ಸೆಲ್ಫಿಯಾಗ ಅನಿಲಕುಮಾರ ಒಬ್ಬನ ಬಂದ.

ಡಿಜೆ ಬಂದ್ ಮಾಡಾಕ ಯಾರಿಗೂ ಹೊಳೀಲಿಲ್ಲ. ಯಾರೋ ಮಾರಿಗೆ ನೀರು ಗೊಜ್ಜಿದ್ರು, ಯಾರೋ ಅಂಗೈಯಾಗ ಕಬ್ಬಿಣದ ಕೀಲಿಕೈ ಇಟ್ರು, ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡದ್ರು. ನಿಂಗರಾಜನ ಕಣ್ಣು ಅರ್ಧ ತೆರದಿದ್ವು, ಒಳಗ ಯಾರೂ ಇದ್ದಿಲ್ಲ. ಅನಿಲಕುಮಾರ ಒಬ್ಬೊಬ್ಬರ ಕೈ ಹಿಡದು, "ನಾ ಜೋರಾಗಿ ಹೊಡದಿಲ್ರಿ, ದೇವರಾಣಿ ಹೊಡದಿಲ್ರಿ" ಅಂತ ಅಳಾಕತ್ತಿದ್ದ. ಪಂಪಣ್ಣ ಹುಡುಗನ ತಲಿ ತೊಡಿ ಮ್ಯಾಲ ಇಟಗೊಂಡು, ಎದಿ ಏರಿಳಿಯೋದನ್ನ ನೋಡಿಕೋತ ಕುಂತ. ಬಾಳೊತ್ತಾದ ಮ್ಯಾಲ ತುಟಿ ಅಲ್ಲಾಡಿದ್ವು.

"ಯವ್ವಾ, ಲಾರಿ ಬಂತೇನು?"

ಸಾಹುಕಾರ್ರು ಹಿಂದಿಂದ ಬಗ್ಗಿ ಕೇಳಿದ್ರು, "ಏನಂದ? ಏನಂದ?" ಯಾರೂ ಹೇಳಲಿಲ್ಲ.

ಸಿಂಧನೂರಿಗೆ ವಾಪಸ್ ಬರಬೇಕಾದ್ರ ಪಂಪಣ್ಣ ಬೈಕಿನ ಮ್ಯಾಲ ನಿಂಗರಾಜನ್ನ ತನ್ನ ಸೊಂಟಕ್ಕ ಟವಲ್‌ಲೆ ಕಟಗೊಂಡಿದ್ದ. ಸರಕಾರಿ ದವಾಖಾನಿ ಮುಂದ ಗಾಡಿ ಸ್ಲೋ ಮಾಡಿದ. ಗೇಟು ತೆರದಿತ್ತು. ಒಳಗ ಲೈಟ್ ಇತ್ತು. ಬೆನ್ನಿಗೆ ಹುಡುಗನ ಗದ್ದ ಬಡೀತಿತ್ತು. ಮ್ಯಾಚು ಬರೋ ಐತವಾರ. ಗಾಡಿ ಮುಂದ ಹೋತು.

ಮನಿ ಮುಂದ ಇಳಿಸಿ ಹೇಳಿದ, "ಅವ್ವಗ ಹೇಳಬ್ಯಾಡ."

"ಏನ್ರಿ ಹೇಳಬ್ಯಾಡ?" ಅಂದ ನಿಂಗರಾಜ. ಬಿದ್ದಿದ್ದು ಅವ್ನಿಗೆ ನೆನಪ ಇದ್ದಿಲ್ಲ. ಬಿದ್ದಿದ್ದನ್ನ ಪಂಪಣ್ಣನ ಅವ್ನಿಗೆ ಹೇಳಬೇಕಾತು.

ಐತವಾರ ಲಿಂಗಸುಗೂರಿನ ಕಾಲೇಜ್ ಮೈದಾನದಾಗ ಶಾಮಿಯಾನ, ರಿಂಗು, ಸಿಂಧನೂರಿಂದ ಎರಡು ಲಾರಿ ತುಂಬ ಹಮಾಲ್ರು. ಡಾಕ್ಟರ್ ಅಶ್ವಿನಿ ಅಂತ ಸಣ್ಣ ವಯಸ್ಸಿನಾಕಿ, ಟೇಬಲ್ ಮುಂದ ನಿಂಗರಾಜನ್ನ ಕುಂದ್ರಿಸಿ ಬೆರಳು ಎತ್ತಿದ್ಲು. ನಿಂಗರಾಜನ ತುಟಿ ಪಿಟಿಪಿಟಿ ಅಂದ್ವು. ಮಂತ್ರ ಹೇಳಾಕತ್ತಾನ ಅಂತ ಆಕಿ ತಿಳಕೊಂಡ್ಲು. ಪಂಪಣ್ಣಗ ಗೊತ್ತಿತ್ತು, ಹುಡುಗ ಭಾಗಾಕಾರ ಮಾಡಾಕತ್ತಾನ.

"ಮೂರ್ರಿ," ಅಂದ. ಮೂರ ಇದ್ವು.

"ಇತ್ತೀಚಿಗೆ ತಲಿಗೆ ಪೆಟ್ಟು ಬಿದ್ದಿದ್ದು, ಎಚ್ಚರ ತಪ್ಪಿದ್ದು ಏನರ ಐತೇನು?"

"ಇಲ್ರೀ ಮೇಡಂ," ಅಂದ ಪಂಪಣ್ಣ.

"ಅವರನ್ನ ಕೇಳಿದೆ."

"ಅವ್ನೂ ಅದನ್ನ ಅಂತಾನ್ರಿ."

ನಿಂಗರಾಜ ಉಸ್ತಾದನ ಮಾರಿ ನೋಡಿ, "ಇಲ್ರಿ" ಅಂದ. ಪಾಸಾದ.

ಆ ಕಡೆ ಎದುರಾಳಿ ಸಂಗನಬಸವ ಅಂತ ಹುಡುಗ, ಬೆಳಗಾವಿ ಕಡ್ಯಾವ, ಒಬ್ಬನ ಗಾಳ್ಯಾಗ ಗುದ್ದಿಕೋತ ಮೈ ಬಿಸಿ ಮಾಡಾಕತ್ತಿದ್ದ. ನಿಂಗರಾಜನ ಹೆಸರು ಕೇಳೇ ಹೆದರಿ ಬೆವತಿದ್ದ. ಆದ್ರ ಪಂಪಣ್ಣ ನೋಡಿದ್ದು ಅವ್ನ ಮಾರಿ ಅಲ್ಲ, ಎಡಗೈ. ಹಾವಿನ ನಾಲಿಗಿಯಂಗ ಹೋಗಿ ಬರಾಕತ್ತಿತ್ತು. ಹೋದಾಗೊಮ್ಮೆ ನಿಂಗರಾಜನ ತಲಿ ಎಲ್ಲಿರತೈತೋ ಅಲ್ಲೇ ಹೋಗಿ ಮುಟ್ಟತಿತ್ತು. ಅವ್ನ ತಲಿ ಯಾವಾಗಲೂ ಒಂದ ಕಡೆ ಇರತಿತ್ತು.  ಬೇಲಿ ಆಚೆ ಮಂದಿಯೊಳಗ ಯಮನಮ್ಮ ನಿಂತಿದ್ಲು. ಆಕಿ ಮಗನ್ನ ನೋಡಾಕತ್ತಿದ್ದಿಲ್ಲ, ಉಸ್ತಾದನ್ನ ನೋಡಾಕತ್ತಿದ್ಲು.

ನಮ್ಮ ಕಡೆ ಸನ್ಮಾನ ಇಲ್ಲದ ಒಂದು ಎಲಿ ಸೈತ ಅಲ್ಲಾಡಂಗಿಲ್ಲ. ಫೈನಲ್‌ಗೆ ಮೊದಲ ಇಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ಮುಖ್ಯ ಅತಿಥಿಗಳಾದ ಮರಿಸ್ವಾಮಿ ಸಾಹುಕಾರ್ರಿಂದ ಎರಡು ಮಾತು. ಆ ಎರಡು ಮಾತು ಅರ್ಧ ತಾಸು ನಡದ್ವು. ತಮ್ಮ ಮಿಲ್ಲು, ತಮ್ಮ ಅಜ್ಜ, ತಮ್ಮ ಸೋನಾ ಮಸೂರಿ ಮುಗಿಸಿ ನಿಂಗರಾಜಗ ಬಂದ್ರು.

"ಬಂಧುಗಳೇ, ಈ ತಲಿ ಎಂಥಾ ತಲಿ. ಮೊನ್ನೆ ಮಸ್ಕ್ಯಾಗ ನನ್ನ ಕಣ್ಣಮುಂದ ಒಂದು ಪೆಟ್ಟಿಗೆ ಎಚ್ಚರ ತಪ್ಪಿ ಬಿದ್ದ. ಸತ್ತ ಅಂತ ತಿಳಕೊಂಡ್ವಿ. ನೀರು ಗೊಜ್ಜಿದ್ರೂ ಏಳಲಿಲ್ಲ, ಉಳ್ಳಾಗಡ್ಡಿ ಹಿಡದ್ರೂ ಏಳಲಿಲ್ಲ. ಆಮ್ಯಾಲ ಕಣ್ಣು ತೆರದು ಏನ್ ಕೇಳ್ದ ಗೊತ್ತೇನು? ಮುಂದಿನವರು ಯಾರು, ಅಂದ."

ಲಾರಿ ಹಮಾಲ್ರು ಎದ್ದು ನಿಂತು ಸೀಟಿ ಹೊಡದ್ರು. ಪಂಪಣ್ಣ ಕಣ್ಣು ಮುಚ್ಚಿದ. ಸಾಹುಕಾರ್ರು ಆಯುಷ್ಯದಾಗ ಮೈಕಿನ್ಯಾಗ ಆಡಿದ ಖರೇ ಮಾತು ಇದೊಂದ ಇರಬೇಕು, ಅದರದೂ ಕೊನಿ ಸಾಲು ಸುಳ್ಳು.

ಕಣ್ಣು ತೆರದಾಗ ಡಾಕ್ಟರ್ ಅಶ್ವಿನಿ ರೆಫ್ರಿ ಲಾಲ್‌ಸಾಬನ ಬಾಜೂಕ ನಿಂತಿದ್ಲು. ಲಾಲ್‌ಸಾಬ್ ಹಳೇ ಮನಿಷಾ, ನಿಯಮ ಬಾಯಿಪಾಠ ಇದ್ದವ.

"ಎಚ್ಚರ ತಪ್ಪಿದವ ಇಂತಿಷ್ಟು ದಿನ ಆಡಬಾರದು ಅಂತ ಐತಿ," ಅಂದ ಲಾಲ್‌ಸಾಬ್. "ಮೊನ್ನೆ ಬಿದ್ದವ ಇವತ್ತು ಆಡಾಕ ಬರಂಗಿಲ್ಲ."

"ಅದು ಮ್ಯಾಚಲ್ರಿ, ಅಂಗಡಿ ಓಪನಿಂಗ್," ಅಂದ ಪಂಪಣ್ಣ.

"ತಲಿ ಅದ ಐತೋ ಬ್ಯಾರೆ ಐತೋ?" ಅಂದ್ಲು ಡಾಕ್ಟರ್. "ನೀವು ನನಗ ಇಲ್ಲ ಅಂದ್ರಿ. ಅವರು ಮೈಕಿನ್ಯಾಗ ಹೌದು ಅಂದ್ರು. ಇಬ್ಬರೊಳಗ ಒಬ್ಬರು ಸುಳ್ಳು. ಭಾಷಣ ಸುಳ್ಳು ಅಂತ ಅವರು ಒಂದು ಮಾತು ಹೇಳ್ಲಿ, ಆಡ್ಲಿ."

ಪಂಪಣ್ಣ ಓಡಿ ಸಾಹುಕಾರ್ರ ಕುರ್ಚಿ ಹಂತೇಕ ಹೋಗಿ ಕುಕ್ಕರಗಾಲಿಲೆ ಕುಂತ. "ಸಾಹುಕಾರ್ರ, ಅಭಿಮಾನಕ್ಕ ಉಬ್ಬಿಸಿ ಹೇಳಿದ್ದೆ ಅಂತ ಒಂದ ಮಾತು ಅಂದುಬಿಡ್ರಿ."

"ಯಾರ ಮುಂದ?"

"ಮೈಕಿನ್ಯಾಗ್ರಿ. ಎಲ್ಲಾರೂ ಕೇಳ್ಯಾರಲ್ರಿ."

ಸಾಹುಕಾರ್ರು ಶಾಲು ಸರಿ ಮಾಡಿಕೊಂಡ್ರು. ಮಸ್ಕ್ಯಾಗ ಕಲ್ಲಿನ ಮ್ಯಾಲ ಕೊರದ ರಾಜನ ಶಾಸನ ಸಾವಿರಾರು ವರ್ಷ ಉಳದೈತಿ. ಸಾಹುಕಾರ್ರ ಪ್ರಕಾರ ಮೈಕಿನ್ಯಾಗ ಅಂದಿದ್ದು ಅದಕಿಂತ ಗಟ್ಟಿ. ಮೂರು ತಾಲೂಕಿನ್ಯಾಗ ಯಾವ ಮುಖ್ಯ ಅತಿಥಿಯೂ ಮೈಕಿಗೆ ಮಾತು ವಾಪಸ್ ತಿನಿಸಿದ್ದಿಲ್ಲ.

"ಅಷ್ಟು ಮಂದಿ ಮುಂದ ನನ್ನ ಸುಳ್ಳಗಾರನ್ನ ಮಾಡ್ತಿಯೇನು? ಬೇಕಾದ್ರ ಹುಡುಗನ್ನ ಕೇಳು. ಅವನ ಹೇಳ್ಲಿ, ಬಿದ್ದಿದ್ದನೋ ಇಲ್ಲೋ."

ಲಾಲ್‌ಸಾಬ್ ಹುಡುಗನ್ನ ಕೇಳಿದ. ನಿಂಗರಾಜ ಮೊದಲ ಉಸ್ತಾದನ್ನ ನೋಡಿದ. ಪಂಪಣ್ಣ ತಲಿ ಅಲ್ಲಾಡಿಸಬೇಕು ಅಂತ ಮಾಡಿದ. ಕುತ್ತಿಗಿ ಆ ಕಡಿಗೂ ಹೋಗಲಿಲ್ಲ, ಈ ಕಡಿಗೂ ಹೋಗಲಿಲ್ಲ. ನಿಂಗರಾಜ ಆಮ್ಯಾಲ ಸಾಹುಕಾರ್ರನ್ನ ನೋಡಿದ. ಅವರ ಮಿಲ್ಲಿನ ಅನ್ನ ತಿಂದ ಮೈ.

"ನನಗ ನೆನಪಿಲ್ರಿ," ಅಂದ. "ಆದ್ರ ಸಾಹುಕಾರ್ರು ಸುಳ್ಳು ಹೇಳಂಗಿಲ್ರಿ."

ಸಾಹುಕಾರ್ರ ಮಾರಿ ಅರಳಿತು. ಅವರ ಮಾತು ಗೆದ್ದಿತ್ತು. ಲಾಲ್‌ಸಾಬ್ ಪಟ್ಟಿಯಾಗ ನಿಂಗರಾಜನ ಹೆಸರಿಗೆ ಗೆರಿ ಎಳದ.

ನಿಯಮದಾಗ ಇನ್ನೊಂದು ಇತ್ತು. ಎದುರಿಗೆ ಯಾರೂ ಇಲ್ಲದಿದ್ರೂ ಇದ್ದವ ರಿಂಗಿಗೆ ಬರಬೇಕು, ಹೆಸರು ಕೂಗಬೇಕು, ಗಂಟಿ ಹೊಡೀಬೇಕು, ಸ್ವಲ್ಪ ಕಾಯಬೇಕು, ಆಮ್ಯಾಲ ಅವ್ನ ಕೈ ಎತ್ತಬೇಕು. ಸಂಗನಬಸವ ಬಂದು ಮೂಲ್ಯಾಗ ನಿಂತ. ಹಮಾಲ್ರು ಕುರ್ಚಿ ಎತ್ತಿ ಒಗಿಯಾಕ ಚಾಲೂ ಮಾಡಿದ್ರು. ಅದರ ನಡುವ ಗಂಟಿ ಹೊಡದ್ರು.

ಗಂಟಿ ಕೇಳಿದ್ದ ತಡ ನಿಂಗರಾಜ ಕುಂತಲ್ಲಿಂದ ಎದ್ದ. ಹಾರ ಹರದು ಕೆಳಗ ಬಿತ್ತು. ಹಗ್ಗದ ಕಡೆ ನಡದ. ಪಂಪಣ್ಣ ಹಿಂದಿಂದ ಓಡಿ ಬಂದು ಎರಡೂ ಕೈಲೆ ಅವ್ನ ಸೊಂಟಾ ಹಿಡದ. ಗರಡಿ ಮನ್ಯಾಗ ಇಡೀ ಆಯುಷ್ಯ ಕಳದಿದ್ರೂ ಇಷ್ಟು ಗಟ್ಟಿ ಯಾರನ್ನೂ ಹಿಡದಿದ್ದಿಲ್ಲ.

"ಬಿಡ್ರಿ ಉಸ್ತಾದ್, ಗಂಟಿ ಆತ್ರಿ."

"ಆಗ್ಲಿ."

"ಇಬ್ರೂ ಕಾಯಾಕತ್ತಾರ್ರಿ."

ಪಂಪಣ್ಣ ಬಿಡಲಿಲ್ಲ. ಬೇಲಿ ದಾಟಿ ಬಂದ ಯಮನಮ್ಮ ಮಗನ ಮುಂಗೈ ಹಿಡಕೊಂಡ್ಲು. ಡಾಕ್ಟರ್ ಯಾರಿಗೋ ಫೋನ್ ಮಾಡಿ ದವಾಖಾನಿ ಗಾಡಿ ಕಳಸ್ರಿ ಅನ್ನಾಕತ್ತಿದ್ಲು. ಮ್ಯಾಲ ರಿಂಗಿನ್ಯಾಗ ಲಾಲ್‌ಸಾಬ್ ಗಡಿಯಾರ ನೋಡಿ, ಅಂಜಿಕೋತ ನಿಂತಿದ್ದ ಸಂಗನಬಸವನ ಕೈ ಎತ್ತಿದ. ಆಮ್ಯಾಲ ಹಗ್ಗದ ಮ್ಯಾಲಿಂದ ಬಗ್ಗಿ ಪಂಪಣ್ಣಗ ಸಮಾಧಾನ ಹೇಳಿದ.

"ಇದು ಸೋಲಲ್ಲ ಪಂಪಣ್ಣ. ಆಡಾಕ ಅನರ್ಹ, ಅಷ್ಟ. ಹುಡುಗನ ರಿಕಾರ್ಡಿಗೆ ಏನೂ ಆಗಿಲ್ಲ."